ಬೈಕಿಗೆ ಹೂಂ, ಹಗ್ಗಕ್ಕೆ ನಕ್ಕೋ

ಭಾನುವಾರ ಬೆಳಗಿನ ಜಾವ ನಾಲ್ಕು ಗಂಟೆಗೆ ಹೆಬ್ಬಾಳ ಫ್ಲೈಓವರ್ ಕಡೆ ಕಿವಿ ಕೊಟ್ಟರೆ ಬೈಕುಗಳ ಸದ್ದು ಸಾಲಾಗಿ ಕೇಳುತ್ತದೆ. ನಂದಿಬೆಟ್ಟದಲ್ಲಿ ಸೂರ್ಯೋದಯ ನೋಡಲು ಹೊರಟವರು. ಅವರಲ್ಲಿ ನಮ್ಮ ವಯಸ್ಸಿನವರೂ ಇರುತ್ತಾರೆ, ಲೈಸೆನ್ಸ್ ಬರಲು ಇನ್ನೂ ಒಂದು ವರ್ಷ ಇರುವವರು. ಏರ್‌ಪೋರ್ಟ್ ರಸ್ತೆಯಲ್ಲಿ ವ್ಹೀಲಿಂಗ್ ಮಾಡಿ ಸಿಕ್ಕಿಬಿದ್ದವರ ಸುದ್ದಿಯನ್ನು ನಾವೆಲ್ಲ ಪತ್ರಿಕೆಯಲ್ಲಿ ಓದಿದ್ದೇವೆ. ಆದರೂ ಪೆಟ್ರೋಲಿಗೆ ದುಡ್ಡು ಮನೆಯಿಂದಲೇ ಬರುತ್ತದೆ. "ಹುಡುಗರು ಅಂದಮೇಲೆ ಓಡಾಡುತ್ತಾರೆ" ಅನ್ನುವುದು ದೊಡ್ಡವರ ಸಮಾಧಾನ.

ಅದೇ ಮನೆಯಲ್ಲಿ "ನಾನು ಬಂಡೆ ಹತ್ತುವುದನ್ನು ಕಲಿಯುತ್ತೇನೆ" ಎಂದು ಹೇಳಿ ನೋಡಿ. ನಾನು ಹೇಳಿದಾಗ ಅಮ್ಮಿಯ ಉತ್ತರ ಒಂದೇ ಪದ: ನಕ್ಕೋ. ದಖನಿ ಬಾರದ ಗೆಳತಿಯರಿಗೆ ಅರ್ಥ ಹೇಳಬೇಕೆಂದರೆ, ಬೇಡ, ಮತ್ತೆ ಕೇಳಲೂ ಬೇಡ. ಪಕ್ಕದಲ್ಲಿದ್ದ ಖಾಲಾ ಇನ್ನೊಂದು ಮಾತು ಸೇರಿಸಿದರು: ಕೈಕಾಲು ಮುರಿದುಕೊಂಡರೆ ನಾಳೆ ಹುಡುಗ ನೋಡುವವರು ಯಾರು?

ಈ ಲೆಕ್ಕ ತಪ್ಪು ಎಂಬುದೇ ನನ್ನ ವಾದ. ಯಾವುದು ಅಪಾಯ, ಯಾವುದು ಅಲ್ಲ ಎಂಬುದನ್ನು ನಾವು ನೋಡಿ ಅಳೆದಿಲ್ಲ, ಅಭ್ಯಾಸದ ಮೇಲೆ ತೀರ್ಮಾನಿಸಿದ್ದೇವೆ. ಬೈಕು ದಿನಾ ಕಣ್ಣಿಗೆ ಬೀಳುವ ವಸ್ತು, ಹಾಗಾಗಿ ಭಯವಿಲ್ಲ. ಹಗ್ಗ, ಬಂಡೆ ನೋಡಿದ್ದು ರೀಲ್ಸ್‌ನಲ್ಲಿ ಮಾತ್ರ, ಹಾಗಾಗಿ ಭಯ.

ರೀಲ್ಸ್ ವಿಷಯ ಮೊದಲು ಮುಗಿಸುತ್ತೇನೆ, ಏಕೆಂದರೆ ಗೊಂದಲ ಶುರುವಾಗುವುದೇ ಅಲ್ಲಿ. ಕ್ಲೈಂಬಿಂಗ್ ಎಂದರೆ ನಮ್ಮವರಿಗೆ ನೆನಪಾಗುವುದು ಚಿತ್ರದುರ್ಗದ ಜ್ಯೋತಿರಾಜ್, ಅಂದರೆ ಕೋತಿರಾಜ್. ಹಗ್ಗವಿಲ್ಲದೆ ಕೋಟೆಯ ಗೋಡೆ ಹತ್ತುವ ಅವರನ್ನು ನೋಡಿದರೆ ಯಾರ ಅಮ್ಮಿಯಾದರೂ ನಕ್ಕೋ ಎನ್ನುತ್ತಾರೆ. ಇನ್ನು ಇಂಗ್ಲಿಷ್ ವಿಡಿಯೊ ನೋಡುವವರಿಗೆ ಗೊತ್ತಿರುವುದು ಅಮೆರಿಕದ ಅಲೆಕ್ಸ್ ಹೊನೊಲ್ಡ್. 2017ರ ಜೂನ್‌ನಲ್ಲಿ ಎಲ್ ಕ್ಯಾಪಿಟನ್ ಎಂಬ ಸುಮಾರು 3000 ಅಡಿಯ ಬಂಡೆಯನ್ನು ಹಗ್ಗವಿಲ್ಲದೆ ಹತ್ತಿದವನು. ಅದೇ ದಾರಿಯನ್ನು ಆತ ಅದಕ್ಕೂ ಮೊದಲು ಹಗ್ಗ ಕಟ್ಟಿಕೊಂಡು ಮತ್ತೆ ಮತ್ತೆ ಹತ್ತಿ, ಕೈ ಎಲ್ಲಿ ಕಾಲು ಎಲ್ಲಿ ಎಂದು ಬಾಯಿಪಾಠ ಮಾಡಿಕೊಂಡಿದ್ದ. ಆ ಭಾಗವನ್ನು ಯಾರೂ ಮೂವತ್ತು ಸೆಕೆಂಡಿನ ರೀಲ್ ಮಾಡುವುದಿಲ್ಲ. ಜಗತ್ತಿನಲ್ಲಿ ಬಂಡೆ ಹತ್ತುವವರಲ್ಲಿ ಬಹುಪಾಲು ಜನ ಹಗ್ಗ ಕಟ್ಟಿಕೊಂಡೇ ಹತ್ತುತ್ತಾರೆ.

ಹಗ್ಗ ಕಟ್ಟಿಕೊಂಡು ಹತ್ತುವುದು ಎಂದರೇನು? ಹೊಸಬರು ಕಲಿಯುವ ಕ್ರಮಕ್ಕೆ ಟಾಪ್ ರೋಪ್ ಎನ್ನುತ್ತಾರೆ. ಹಗ್ಗ ಮೊದಲೇ ಮೇಲಿನ ಕೊಂಡಿಯಲ್ಲಿ ಹಾದು ಎರಡೂ ತುದಿ ಕೆಳಗೆ ಬಂದಿರುತ್ತದೆ. ಒಂದು ತುದಿ ಹತ್ತುವವರ ಸೊಂಟದ ಹಾರ್ನೆಸ್‌ಗೆ, ಇನ್ನೊಂದು ನೆಲದಲ್ಲಿ ನಿಂತವರ ಕೈಗೆ. ನೆಲದಲ್ಲಿ ನಿಂತವರಿಗೆ ಬಿಲೇಯರ್ ಎಂದು ಹೆಸರು. ಹತ್ತುವವರು ಒಂದು ಹೆಜ್ಜೆ ಮೇಲೆ ಹೋದಂತೆ ಅವರು ಸಡಿಲವಾದ ಹಗ್ಗವನ್ನು ಎಳೆದುಕೊಳ್ಳುತ್ತಾರೆ. ಕೈ ಜಾರಿದರೆ ಹಗ್ಗ ತುಸು ಹಿಗ್ಗುತ್ತದೆ, ನೀವು ಒಂದೆರಡು ಅಡಿ ಕೆಳಗೆ ಬಂದು ಗಾಳಿಯಲ್ಲಿ ಕೂರುತ್ತೀರಿ, ಅಷ್ಟೇ. ಇದಕ್ಕೆ ಬಳಸುವ ಹಗ್ಗ ಬಾವಿಯ ಹಗ್ಗದಂತೆ ಬಿಗಿಯಾಗಿರುವುದಿಲ್ಲ. ಬೀಳುವ ಭಾರವನ್ನು ನುಂಗಲೆಂದೇ ಅದನ್ನು ಹಿಗ್ಗುವಂತೆ ಹೆಣೆದಿರುತ್ತಾರೆ. ಕ್ಯಾರಬೀನರ್ ಎಂಬ ಲೋಹದ ಕೊಂಡಿ ಬೆರಳುದ್ದ ಇದ್ದರೂ ಎರಡು ಟನ್ ಭಾರ ತಡೆಯಬೇಕು ಎಂಬುದು ಅದರ ಮಾನದಂಡ. ನಮ್ಮ ಕಾಲೇಜು ವ್ಯಾನಿನ ಸೀಟ್ ಬೆಲ್ಟನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ ಎಂದು ಮಾತ್ರ ದಯವಿಟ್ಟು ಕೇಳಬೇಡಿ.

ಬಿಲೇಯರ್ ಕೈಯಲ್ಲಿ ಒಂದು ಸಣ್ಣ ಸಾಧನ ಇರುತ್ತದೆ. ಹಗ್ಗ ಅದರೊಳಗೆ ಬಾಗಿ ಹೋಗುವಾಗ ಘರ್ಷಣೆ ಹುಟ್ಟಿ ಬ್ರೇಕ್ ಹಿಡಿದಂತಾಗುತ್ತದೆ. ಹಾಗಾಗಿ 48 ಕೆ.ಜಿ.ಯ ಹುಡುಗಿ ತನಗಿಂತ ಭಾರದವರನ್ನು ಹಿಡಿದು ನಿಲ್ಲಿಸಬಲ್ಲಳು. ಭಾರದ ವ್ಯತ್ಯಾಸ ಬಹಳ ಹೆಚ್ಚಾದರೆ ಅವಳೇ ನೆಲ ಬಿಟ್ಟು ಮೇಲೇಳುತ್ತಾಳೆ. ಅದಕ್ಕೇ ಅಂಥವರನ್ನು ಮರಳಿನ ಚೀಲಕ್ಕೋ ನೆಲದ ಕೊಂಡಿಗೋ ಕಟ್ಟುತ್ತಾರೆ. ಒಂದೇ ನಿಯಮ, ಬ್ರೇಕ್ ಕೈಯನ್ನು ಹಗ್ಗದಿಂದ ಎಂದೂ ತೆಗೆಯಬಾರದು. ಮೂಗು ತುರಿಸಿದರೂ ಇನ್ನೊಂದು ಕೈ.

ನಾನು ಒಳಾಂಗಣ ಗೋಡೆಯೊಂದಕ್ಕೆ ಎರಡು ಸಲ ಹೋಗಿದ್ದೇನೆ. ಮಾಮು ಮಗಳ ಜೊತೆ, ಅಬ್ಬುಗೆ ಹೇಳಿಯೇ. (ಅಮ್ಮಿಗೆ ಅಬ್ಬು ಹೇಳಿದರು. ಅದು ಬೇರೆ ಕಥೆ.) ಅಲ್ಲಿ ನನಗೆ ಹಿಡಿಸಿದ್ದು ಹತ್ತುವುದಕ್ಕೂ ಮೊದಲಿನ ಎರಡು ನಿಮಿಷ. ಎಂಟರ ಆಕಾರದ ಗಂಟು ಹಾಕಿ, ಅದೇ ದಾರಿಯಲ್ಲಿ ಹಗ್ಗವನ್ನು ಹಿಂದಕ್ಕೆ ಪೋಣಿಸಬೇಕು. ಆಮೇಲೆ ನನ್ನ ಗಂಟನ್ನು ಅವಳು ಮುಟ್ಟಿ ನೋಡಬೇಕು, ಅವಳ ಕೊಂಡಿಯ ಬೀಗವನ್ನು ನಾನು ತಿರುಗಿಸಿ ನೋಡಬೇಕು. ನಾವಿಬ್ಬರೂ ಒಪ್ಪಿದ ಮೇಲೆ ತರಬೇತುದಾರರು ಇನ್ನೊಮ್ಮೆ ನೋಡುತ್ತಾರೆ. ಅಕೌಂಟೆನ್ಸಿ ಓದುವವರಿಗೆ ಇದು ಬೇಗ ಅರ್ಥವಾಗುತ್ತದೆ: ಬರೆದವರೇ ಆಡಿಟ್ ಮಾಡುವ ಹಾಗಿಲ್ಲ. ದೀನಿಯಾತ್ ತರಗತಿಯಲ್ಲಿ ಕೇಳಿದ ಹದೀಸ್ ನಿಮಗೂ ನೆನಪಿರಬಹುದು, ಮೊದಲು ಒಂಟೆಯನ್ನು ಕಟ್ಟು, ಆಮೇಲೆ ತವಕ್ಕುಲ್ ಇಡು ಎಂಬ ಅರ್ಥದ್ದು. ಐದು ಮೀಟರ್ ಎತ್ತರದಲ್ಲಿ ಕಾಲು ಹೊಲಿಗೆ ಯಂತ್ರದಂತೆ ನಡುಗುವಾಗ ಆ ಮಾತಿಗೆ ಅರ್ಥ ಹೆಚ್ಚು.

ಹೌದು, ಕಾಲು ನಡುಗುತ್ತದೆ. ಹೊಸಬರೆಲ್ಲ ತೋಳಿನ ಬಲದಿಂದ ಮೈಯನ್ನು ಎಳೆದುಕೊಳ್ಳಲು ನೋಡುತ್ತಾರೆ, ಮೂರು ನಿಮಿಷದಲ್ಲಿ ಮುಂಗೈ ಕಲ್ಲಾಗಿ ಬೆರಳು ತೆರೆದುಕೊಳ್ಳುತ್ತದೆ. ಜಿಮ್‌ಗೆ ಹೋಗುವ ಹುಡುಗರು ಇಲ್ಲಿ ಬೇಗ ಸೋಲುತ್ತಾರೆ, ಹೇಳಿದರೆ ಕೋಪ ಮಾಡಿಕೊಳ್ಳುತ್ತಾರೆ. ತೋಳು ನೇರ ಬಿಟ್ಟು ನೇತಾಡಬೇಕು, ಕಣ್ಣು ಕಾಲಿನ ಮೇಲಿರಬೇಕು, ಹೆಬ್ಬೆರಳಿನ ತುದಿಯಿಂದ ತುಳಿದು ಎದ್ದು ನಿಲ್ಲಬೇಕು. ಮೆಟ್ಟಿಲು ಹತ್ತುವಾಗ ಯಾರೂ ಕಂಬಿ ಹಿಡಿದು ಮೈ ಎಳೆಯುವುದಿಲ್ಲವಲ್ಲ, ಹಾಗೆ. ಸುಸ್ತಾದರೆ "ಟೇಕ್" ಎಂದು ಕೂಗಿ ಹಗ್ಗದಲ್ಲಿ ಕೂತು ಉಸಿರಾಡಬಹುದು. ಅದಕ್ಕೆ ಅಂಕ ಕಡಿತ ಇಲ್ಲ.

ಇನ್ನು ನಮ್ಮ ಹುಡುಗಿಯರ ವಿಷಯ. ಉಡುಪು, ಪರ್ದಾ ಎಂದು ಮಾತು ಬಂದಾಗ ನಾನು ಇಂಡೋನೇಷ್ಯಾದ ಕಡೆ ಕೈ ತೋರಿಸುತ್ತೇನೆ. ಸ್ಪೋರ್ಟ್ ಕ್ಲೈಂಬಿಂಗ್ ಒಲಿಂಪಿಕ್ಸ್‌ಗೆ ಬಂದದ್ದು ಟೋಕಿಯೊ ಕೂಟದಲ್ಲಿ, 2021ರಲ್ಲಿ. ಅದಕ್ಕೂ ಮೊದಲೇ, 2019ರ ಅಕ್ಟೋಬರ್‌ನಲ್ಲಿ, ಹಿಜಾಬ್ ಧರಿಸಿದ ಆರೀಸ್ ಸುಸಾಂತಿ ರಹಾಯು 15 ಮೀಟರ್ ಗೋಡೆಯನ್ನು 6.995 ಸೆಕೆಂಡಿನಲ್ಲಿ ಹತ್ತಿ, ಏಳು ಸೆಕೆಂಡಿನೊಳಗೆ ಮುಟ್ಟಿದ ಮೊದಲ ಮಹಿಳೆಯಾದರು. 2024ರ ಪ್ಯಾರಿಸ್‌ನಲ್ಲಿ ಅದೇ ದೇಶದ ರಜಿಯಾ ಸಲ್ಸಬೀಲಾ, ಅವರೂ ಹಿಜಾಬ್‌ನಲ್ಲೇ, ನಾಲ್ಕನೆಯವರಾಗಿ ಪದಕ ಕಳೆದುಕೊಂಡರು. ಪುರುಷರಲ್ಲಿ ಅವರ ದೇಶದ ವೆಡ್ರಿಕ್ ಲಿಯೊನಾರ್ಡೊ 4.75 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ನಮ್ಮ ಕಾಲೇಜಿನ ಮೂರನೇ ಮಹಡಿ ಮುಟ್ಟಲು ನಮಗೆ ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕಿಕೊಳ್ಳಿ.

ಉಡುಪಿನ ಮಾತನ್ನು ನೇರವಾಗಿಯೇ ಹೇಳುತ್ತೇನೆ. ಸಡಿಲ ಸಲ್ವಾರ್, ಮೊಣಕಾಲಿನ ತನಕದ ಕುರ್ತಾ ಇದ್ದರೆ ಅದರ ಮೇಲೆಯೇ ಹಾರ್ನೆಸ್ ಕಟ್ಟಬಹುದು. ಬುರ್ಖಾ ಮೇಲೆ ಆಗುವುದಿಲ್ಲ, ಬಟ್ಟೆ ಕಾಲಿಗೆ, ಗಂಟಿಗೆ ಸಿಕ್ಕಿಕೊಳ್ಳುತ್ತದೆ. ಹಿಜಾಬಿನ ಸೂಜಿಗಳನ್ನು ತೆಗೆದು, ತುದಿಗಳನ್ನು ಒಳಗೆ ಸೇರಿಸಿ, ಮೇಲೆ ಹೆಲ್ಮೆಟ್. ಉಂಗುರ, ಬಳೆ ಮನೆಯಲ್ಲಿ. ನಿಜವಾದ ತೊಡಕು ಬೇರೆ: ಹಾರ್ನೆಸ್ ಬಿಗಿಯಾಗಿದೆಯೇ ಎಂದು ಸೊಂಟ, ತೊಡೆಯ ಪಟ್ಟಿಯನ್ನು ಯಾರೋ ಎಳೆದು ನೋಡಲೇಬೇಕು. ಅಲ್ಲಿ ಮಹಿಳಾ ತರಬೇತುದಾರರು ಇಲ್ಲದಿದ್ದರೆ ನಮ್ಮಲ್ಲಿ ಅರ್ಧ ಜನ ಬಾಗಿಲಲ್ಲೇ ನಿಲ್ಲುತ್ತಾರೆ. ಮಹಿಳಾ ತರಬೇತುದಾರರನ್ನು ಕೇಳಿ ಪಡೆಯಬಹುದು. ಆದರೆ ಕೇಳಬೇಕು.

ನನ್ನ ನಾನಿ ಉಮ್ರಾಗೆ ಹೋದಾಗ ಅರವತ್ತು ದಾಟಿತ್ತು. ಹಿರಾ ಗುಹೆ ನೋಡಲೇಬೇಕೆಂದು ಜಬಲ್ ನೂರ್ ಹತ್ತಿ ಬಂದರು. ಕಡಿದಾದ ಬೆಟ್ಟ, ಉರಿಬಿಸಿಲು, ಹಗ್ಗವಿಲ್ಲ, ಹೆಲ್ಮೆಟ್ ಇಲ್ಲ. ಮನೆಯಲ್ಲಿ ಯಾರೂ ನಕ್ಕೋ ಅನ್ನಲಿಲ್ಲ, ಎಲ್ಲರೂ ಮಾಷಾ ಅಲ್ಲಾ ಎಂದರು. ಹತ್ತುವುದು ಹೆಂಗಸರಿಗೆ ಹೇಳಿದ್ದಲ್ಲ ಎನ್ನುವವರು ಮೊದಲು ನಾನಿಯ ಹತ್ತಿರ ಮಾತಾಡಲಿ.

ಅಪಾಯ ಇಲ್ಲ ಎಂದು ನಾನು ಹೇಳುತ್ತಿಲ್ಲ. 2022ರ ಫೆಬ್ರವರಿ ಒಂದೇ ತಿಂಗಳಲ್ಲಿ ಎರಡು ಘಟನೆ ನಡೆದವು. ಕೇರಳದ ಮಲಂಪುಳದಲ್ಲಿ ಬೆಟ್ಟದಿಂದ ಜಾರಿದ ಯುವಕನೊಬ್ಬ ಬಂಡೆಯ ಸಂದಿನಲ್ಲಿ ಸುಮಾರು ಎರಡು ದಿನ ಸಿಕ್ಕಿಕೊಂಡಿದ್ದ. ಅವನನ್ನು ಮೇಲೆತ್ತಿದ ಸೈನಿಕರಲ್ಲಿ ನಮ್ಮ ಬೆಂಗಳೂರಿನ ಪ್ಯಾರಾಶೂಟ್ ರೆಜಿಮೆಂಟ್ ತರಬೇತಿ ಕೇಂದ್ರದವರೂ ಇದ್ದರು, ಆರ್.ಟಿ. ನಗರದವರು ದಿನಾ ಬಸ್ಸಿನಲ್ಲಿ ದಾಟುವ ಅದೇ ಕೇಂದ್ರ. ಅದಾಗಿ ಎರಡು ವಾರದೊಳಗೆ ನಂದಿಬೆಟ್ಟದ ಬ್ರಹ್ಮಗಿರಿಯಲ್ಲಿ ಒಬ್ಬನೇ ಹೋಗಿದ್ದ ಹತ್ತೊಂಬತ್ತರ ವಿದ್ಯಾರ್ಥಿ ಜಾರಿಬಿದ್ದು ಸಿಕ್ಕಿಕೊಂಡ. ಯಲಹಂಕ ವಾಯುನೆಲೆಯಿಂದ ಹೆಲಿಕಾಪ್ಟರ್ ಹೋಗಬೇಕಾಯಿತು. ಈ ಎರಡನ್ನೂ ಅಮ್ಮಿ ನನಗೆ ಹೇಳಿದ್ದಾರೆ, ಒಂದು ಸಲ ಅಲ್ಲ. ಆದರೆ ಇಬ್ಬರ ಬಳಿಯೂ ಹಗ್ಗವಿರಲಿಲ್ಲ, ಕಲಿಸಿದವರಿರಲಿಲ್ಲ. ಕಲಿತವರು ಹಗ್ಗ ಹಿಡಿದು ಇಳಿದು ಹೋಗಿ ಅವರಲ್ಲಿ ಒಬ್ಬನನ್ನು ಉಳಿಸಿದರು. ಹಾಗಾಗಿ ಈ ಸುದ್ದಿಗಳು ಯಾರ ಪರ ಸಾಕ್ಷಿ ಹೇಳುತ್ತವೆ ಎಂಬ ವಿಷಯದಲ್ಲಿ ಅಮ್ಮಿಗೂ ನನಗೂ ಇನ್ನೂ ಇತ್ಯರ್ಥವಾಗಿಲ್ಲ.

ಬಂಡೆಗೆ ನಮ್ಮ ರಾಜ್ಯದಲ್ಲಿ ಬರವಿಲ್ಲ. ರಾಮನಗರದ ಬಂಡೆಗಳು ಸುಮಾರು 250 ಕೋಟಿ ವರ್ಷ ಹಳೆಯವು. ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ, ಕ್ಲೋಸ್‌ಪೇಟ್ ಎಂಬುದು ಬ್ರಿಟಿಷರ ಕಾಲದಲ್ಲಿ ಆ ಊರಿಗಿದ್ದ ಹೆಸರು. ಟಿಪ್ಪು ಸುಲ್ತಾನರ ಕಾಲದಲ್ಲಿ ಶಂಸೇರಾಬಾದ್ ಎನ್ನುತ್ತಿದ್ದರಂತೆ. ನಮ್ಮಲ್ಲಿ ಎಷ್ಟೋ ಮನೆಗಳಿಗೆ ರಾಮನಗರ ಎಂದರೆ ರೇಷ್ಮೆಗೂಡಿನ ಮಾರುಕಟ್ಟೆ, ಇಲ್ಲವೇ 'ಶೋಲೆ'. ಸಾವನದುರ್ಗ, ಬಾದಾಮಿ, ಹಂಪಿ ಕಡೆ ಹೊರದೇಶದವರು ಚಾಪೆ, ಹಗ್ಗ ಹೊತ್ತು ಬಂದು ಹತ್ತುತ್ತಾರೆ. ನಾವು ಅದರ ಮುಂದೆ ನಿಂತು ಸೆಲ್ಫಿ ತೆಗೆದು ವಾಪಸ್. ಆದರೆ ಎಲ್ಲ ಬಂಡೆಯೂ ಹತ್ತುವುದಕ್ಕಲ್ಲ. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ, ಅವು ಬಂಡೆಯ ಅಂಚಿನಲ್ಲೇ ಗೂಡು ಕಟ್ಟುತ್ತವೆ. ಸ್ಮಾರಕಗಳ ಗೋಡೆ ಮುಟ್ಟುವ ಹಾಗಿಲ್ಲ. ಕಾಡಿನಲ್ಲಿ ಅರಣ್ಯ ಇಲಾಖೆಯ ಅನುಮತಿ ಬೇಕು. ಅದಕ್ಕೇ ನಮ್ಮಂಥ ಹೊಸಬರು ನಗರದೊಳಗಿನ ಕೃತಕ ಗೋಡೆಯಿಂದ ಶುರುಮಾಡುವುದು ಒಳ್ಳೆಯದು ಎನ್ನುತ್ತೇನೆ. ಕಂಠೀರವ ಕ್ರೀಡಾಂಗಣದ ಬಳಿ ರಾಜ್ಯ ಸರ್ಕಾರದ್ದೇ ಆದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯ ಗೋಡೆ ಇದೆ. ಖಾಸಗಿ ಒಳಾಂಗಣ ಗೋಡೆಗಳೂ ಊರಲ್ಲಿವೆ.

ಖರ್ಚಿನ ಮಾತಿಲ್ಲದೆ ಕಾಮರ್ಸ್‌ನವರ ಲೇಖನ ಮುಗಿಯಬಾರದು. ಮೊದಲ ದಿನಕ್ಕೆ ಏನನ್ನೂ ಕೊಳ್ಳಬೇಕಿಲ್ಲ. ಹಗ್ಗ, ಹಾರ್ನೆಸ್, ಹೆಲ್ಮೆಟ್ ಅಲ್ಲಿಯೇ ಕೊಡುತ್ತಾರೆ, ಬಿಗಿಯಾದ ಆ ಶೂ ಕೂಡ ಬಾಡಿಗೆಗೆ ಸಿಗುತ್ತದೆ. ಆಸೆ ನಿಂತರೆ ಆಮೇಲೆ ಶೂ ಕೊಳ್ಳಿ. ಸೆಕೆಂಡ್ ಹ್ಯಾಂಡ್ ಹಗ್ಗವನ್ನು ಮಾತ್ರ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ, ಅದು ಎಷ್ಟು ಸಲ ಭಾರ ತಡೆದಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಖಾಸಗಿ ಗೋಡೆಯಲ್ಲಿ ಒಂದು ದಿನಕ್ಕೆ ಕೆಲವು ನೂರು ರೂಪಾಯಿ ಆಗುತ್ತದೆ. ಅದು ನಮ್ಮಲ್ಲಿ ಎಲ್ಲರಿಗೂ ಸಣ್ಣ ಮೊತ್ತವಲ್ಲ, ನನಗೆ ಗೊತ್ತು. ಶುಲ್ಕ ಕಂತಿನಲ್ಲಿ ಕಟ್ಟುವವರು ನನ್ನ ಬೆಂಚಿನಲ್ಲೇ ಇದ್ದಾರೆ. ಅದಕ್ಕೇ ಇದನ್ನು ಒಬ್ಬೊಬ್ಬರೇ ಮಾಡಲು ಆಗುವುದಿಲ್ಲ. ಹುಡುಗಿಯರ ಬಸ್ ಖರ್ಚನ್ನು 2023ರಿಂದ ಶಕ್ತಿ ಯೋಜನೆ ನೋಡಿಕೊಂಡಿದೆ, ಉಳಿದದ್ದನ್ನು ಕಾಲೇಜು ನೋಡಬೇಕು.

ಪ್ರಾಂಶುಪಾಲರಲ್ಲಿ ಮತ್ತು ಪಿ.ಟಿ. ಸರ್ ಅವರಲ್ಲಿ ನನ್ನ ವಿನಂತಿ ದೊಡ್ಡದಲ್ಲ. ಕ್ರಿಕೆಟ್, ಥ್ರೋಬಾಲ್ ಮುಟ್ಟಬೇಡಿ, ಅವು ಇರಲಿ. ವರ್ಷಕ್ಕೆ ಎರಡು ಶನಿವಾರ ಕೊಡಿ, ಝುಹರ್‌ಗೆ ಮುಂಚೆ ಮುಗಿಯುವಂತೆ. ಒಂದು ಹುಡುಗಿಯರಿಗೆ, ಒಂದು ಹುಡುಗರಿಗೆ. ಸರ್ಕಾರದ ಅಕಾಡೆಮಿಗೆ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆದು ಮಹಿಳಾ ತರಬೇತುದಾರರನ್ನು ಕೇಳಿ. "ಏನಾದರೂ ಆದರೆ ಜವಾಬ್ದಾರಿ ಯಾರದು" ಎಂಬ ಪ್ರಶ್ನೆ ಬಂದೇ ಬರುತ್ತದೆ, ಅದು ನ್ಯಾಯವೂ ಹೌದು. ಪೋಷಕರ ಒಪ್ಪಿಗೆ ಪತ್ರ, ಒಂದು ದಿನದ ಗುಂಪು ಅಪಘಾತ ವಿಮೆ, ಇಷ್ಟನ್ನು ಬಿಸಿನೆಸ್ ಸ್ಟಡೀಸ್ ಪ್ರಾಜೆಕ್ಟ್ ಎಂದು ನಾವೇ ಸಿದ್ಧಪಡಿಸಿ ಕೊಡುತ್ತೇವೆ. ಒಪ್ಪಿಗೆ ಪತ್ರವನ್ನು ಮನೆಗೆ ಕಳಿಸಿ ಸಹಿಗೆ ಕಾಯುವುದಕ್ಕಿಂತ ಅಮ್ಮಿಯರನ್ನೇ ಆ ದಿನ ಜೊತೆಗೆ ಕರೆದರೆ ಇನ್ನೂ ಒಳ್ಳೆಯದು. ದೂರದಲ್ಲಿ ಕುರ್ಚಿ ಹಾಕಿ ಕೂರಿಸುವುದು ಬೇಡ. ಹಗ್ಗದ ಇನ್ನೊಂದು ತುದಿಯನ್ನು ಅವರ ಕೈಗೇ ಕೊಡೋಣ, ತರಬೇತುದಾರರು ಪಕ್ಕದಲ್ಲೇ ಇರುತ್ತಾರೆ.

ಹೆಸರು ಕೊಡುವವರು ಎರಡನೇ ಪಿಯುಸಿ ಕಾಮರ್ಸ್ ಬಿ ಸೆಕ್ಷನ್‌ಗೆ ಬನ್ನಿ. ಇಲ್ಲಿಯವರೆಗೆ ಹನ್ನೊಂದು ಹೆಸರು ಬಂದಿದೆ. ಅದರಲ್ಲಿ ಇಬ್ಬರು ಭಾನುವಾರದ ಬೈಕಿನವರು.