ವಾಷರಿಗೆ ಬರಗಾಲ, ಬೈಗುಳಕ್ಕಿಲ್ಲ



ನಮ್ಮ ಲೈನ್ ಮನೆಗಳ ಹುಡುಗರು ತೋಟದಲ್ಲಿ ಕೆಲಸ ಕಡಿಮೆಯಾದಾಗ ಕಾಸರಗೋಡು, ಮಂಜೇಶ್ವರದ ಕಡಲ ತೀರಕ್ಕೆ ಇಳಿಯುವುದುಂಟು. ಹಾಗೆ ಹೋದ ಒಬ್ಬನ ಹದಿನೈದು ದಿನಗಳ ಕೂಲಿಯನ್ನು ಕಳೆದ ಮಳೆಗಾಲದಲ್ಲಿ ದೋಣಿಯ ಧಣಿ ಹಿಡಿದುಕೊಂಡರು. ಅಪರಾಧವೇನು? ಔಟ್‌ಬೋರ್ಡ್ ಇಂಜಿನ್ನಿನ ಡ್ರೈನ್ ಪ್ಲಗ್ ಸೋರಿ ಗೇರು ಹಾಳಾಯಿತಂತೆ. "ನೀನು ಸರಿಯಾಗಿ ಬಿಗಿಯಲಿಲ್ಲ" ಎಂದರು.

ಅವನು ಬಿಗಿದಿದ್ದ. ಬೇಕಾದುದಕ್ಕಿಂತ ಹೆಚ್ಚೇ ಬಿಗಿದಿದ್ದ. ಅವನಿಗೆ ಯಾರೂ ಕೊಡದೆ ಹೋದದ್ದು ಒಂದು ವಾಷರು.

ನೀರಿನೊಳಗಿರುವ ಗೇರ್ ಪೆಟ್ಟಿಗೆಗೆ ಎರಡು ತಿರುಪುಗಳು. ಕೆಳಗಿನದು ಎಣ್ಣೆ ಬಸಿಯಲು, ಮೇಲಿನದು ಗಾಳಿ ಹೋಗಲು. ಎರಡಕ್ಕೂ ಒಂದೊಂದು ವಾಷರು. ಸೋರಿಕೆ ತಡೆಯುವುದು ತೋಳಿನ ಬಲವಲ್ಲ, ಆ ವಾಷರು. ಒಮ್ಮೆ ಅದುಮಿದ ಮೇಲೆ ಅದು ಚಪ್ಪಟೆಯಾಗುತ್ತದೆ. ಆದ್ದರಿಂದ ಬಿಚ್ಚಿದಾಗಲೆಲ್ಲ ಹೊಸದು ಹಾಕಬೇಕು. ಹಳೆಯದನ್ನೇ ಹಾಕಿ ಸ್ಪಾನರಿಗೆ ಜೋತುಬಿದ್ದರೆ ಅಲ್ಯುಮಿನಿಯಂ ಪೆಟ್ಟಿಗೆಯ ಥ್ರೆಡ್ಡೇ ಕಿತ್ತು ಬರುತ್ತದೆ. ಓಡುವಾಗ ಕಾದ ಪೆಟ್ಟಿಗೆ ನಿಂತೊಡನೆ ತಣ್ಣೀರಿನಲ್ಲಿ ಆರುತ್ತದೆ, ಒಳಗಿನ ಗಾಳಿ ಕುಗ್ಗುತ್ತದೆ, ಸಂದಿನಿಂದ ಉಪ್ಪುನೀರನ್ನು ಹೀರುತ್ತದೆ. ಎಣ್ಣೆ ಹಾಲು ಬೆರೆಸಿದ ಚಹಾದಂತಾದರೆ ನೀರು ಹೊಕ್ಕಿತೆಂದೇ ತಿಳಿಯಿರಿ. ಅದಕ್ಕೂ ಪ್ಲಗ್ಗೇ ಕಾರಣವೆಂದಿಲ್ಲ. ಪ್ರೊಪೆಲ್ಲರ್ ಶಾಫ್ಟಿಗೆ ಬಲೆಯ ನೂಲು ಸುತ್ತಿ ಸೀಲು ಕೊಯ್ದಿದ್ದರೂ ಹೀಗೇ ಆಗುತ್ತದೆ. ಅದನ್ನು ಬಿಚ್ಚಿ ನೋಡಿದವರಾರು?

ದೊಡ್ಡ ದೋಣಿಗಳ ಡೀಸೆಲ್ ಇಂಜಿನ್ನಿನ ಕತೆ ಬೇರೆ. ಎಣ್ಣೆ ಪ್ಲಗ್ಗಿಗೆ ಹಲವು ಕಡೆ ತಾಮ್ರದ ವಾಷರು. ಹೊಸದು ಸಿಗದಿದ್ದರೆ ಹಳೆಯದನ್ನು ಕೆಂಪಗೆ ಕಾಸಿ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ. ಉಕ್ಕು ಹೀಗೆ ಮಾಡಿದರೆ ಗಟ್ಟಿಯಾಗುತ್ತದೆ, ತಾಮ್ರ ಮೆದುವಾಗುತ್ತದೆ; ಕುಲುಮೆಯವರನ್ನು ಕೇಳಿ ನೋಡಿ. ನೀರು ಬಸಿಯುವ ಹಿತ್ತಾಳೆ ಪ್ಲಗ್ಗಿಗಾದರೋ ಅನೇಕ ಇಂಜಿನ್ನುಗಳಲ್ಲಿ ವಾಷರೇ ಇಲ್ಲ. ಅದರ ಥ್ರೆಡ್ಡು ತುದಿಯತ್ತ ಸಪೂರ. ಶುಚಿ ಮಾಡಿ ಸೀಲೆಂಟ್ ಹಚ್ಚಿ ಹಿತವಾಗಿ ಬಿಗಿಯಬೇಕು. ಬಲವಂತ ಮಾಡಿದರೆ ಬೆಣೆ ಹೊಡೆದಂತಾಗಿ ಎರಕದ ಕಬ್ಬಿಣ ಬಿರಿಯುತ್ತದೆ.

"ಇನ್ನೂ ಬಿಗಿ" ಎಂದು ಕೂಗುವುದು ದುರಸ್ತಿಯೇ? ಕೇರಳದಲ್ಲಿ 1988ರಿಂದ ಮಳೆಗಾಲದಲ್ಲಿ ಟ್ರಾಲಿಂಗ್ ನಿಷೇಧವಿದ್ದು ದೊಡ್ಡ ದೋಣಿಗಳಿಗೆ ಬಿಡುವು ಸಿಗುತ್ತದೆ. ಸಣ್ಣ ಔಟ್‌ಬೋರ್ಡ್ ದೋಣಿಗಳಿಗೆ ಆ ಬಿಡುವಿಲ್ಲ. ಮೀನಿಗೆ ಒಳ್ಳೆಯ ಬೆಲೆಯಿರುವಾಗ ಅರ್ಧ ಗಂಟೆ ನಿಲ್ಲಿಸಲು ಧಣಿಗೆ ಮನಸ್ಸಿಲ್ಲ. ಅವರಿಗೂ ಸಾಲವಿದೆ, ಒಪ್ಪೋಣ. ಆ ಸಾಲವನ್ನು ಕೂಲಿಯವನ ಅನ್ನದಿಂದ ತೀರಿಸುವುದನ್ನು ಒಪ್ಪಲಾರೆವು.

1936ರ ವೇತನ ಪಾವತಿ ಕಾಯಿದೆಯಲ್ಲಿದ್ದ ಮಾತೇ 2019ರ ವೇತನ ಸಂಹಿತೆಯಲ್ಲೂ ಇದೆ. ನಷ್ಟಕ್ಕೆಂದು ಕೂಲಿ ಹಿಡಿಯಬೇಕಾದರೆ ಅದು ಕೆಲಸಗಾರನ ಅಲಕ್ಷ್ಯದಿಂದಲೇ ಆಗಿರಬೇಕು; ಹಿಡಿಯುವ ಮೊದಲು ಅವನ ಸಮಜಾಯಿಷಿ ಕೇಳಬೇಕು. ಅವನನ್ನು ಯಾರೂ ಕೇಳಲಿಲ್ಲ. ತೋಟದಲ್ಲಿ ಔಷಧಿ ಪಂಪು ಸೋರಿದಾಗ ರೈಟರು ಚೆಕ್‌ರೋಲಿನಲ್ಲಿ ಗೀಟು ಎಳೆದರೆ ನೀವೂ ಕೇಳಿ: ವಾಷರು ಕೊಟ್ಟಿದ್ದಿರಾ?

ಹುಡುಗ ಆ ಚಪ್ಪಟೆ ವಾಷರನ್ನು ಬೆಂಕಿಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದಾನೆ. ಸೋಮವಾರ ಅವನೊಂದಿಗೆ ಲೇಬರ್ ಆಫೀಸಿಗೆ ನಾನೂ ಹೋಗುತ್ತೇನೆ.