ಯಾರ ಜೊತೆ ಯಾವ ನಾಯಿ ಓಡಬೇಕು?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಬೆಳಕು ಹರಿಯುವ ಮೊದಲೇ ಮೈದಾನಗಳಲ್ಲಿ ಜನ ಕಾಣಿಸುತ್ತಾರೆ. ಪೊಲೀಸ್ ಮತ್ತು ಸೇನಾ ನೇಮಕಾತಿಯ 1,600 ಮೀಟರ್ ಓಟಕ್ಕೆ ತಯಾರಾಗುವ ಹುಡುಗರು ಒಂದು ಕಡೆ. ಸಕ್ಕರೆ, ರಕ್ತದೊತ್ತಡ ಹತೋಟಿಯಲ್ಲಿರಲಿ ಎಂದು ಬಿರುಸಾಗಿ ನಡೆಯುವವರು ಇನ್ನೊಂದು ಕಡೆ. ಅದೇ ಹೊತ್ತಿಗೆ ರೈತರು ಹೊಲದ ದಾರಿ ಹಿಡಿದಿರುತ್ತಾರೆ, ಕುರಿಗಾಹಿಗಳು ಹಟ್ಟಿ ಬಿಟ್ಟಿರುತ್ತಾರೆ. ಹೀಗೆ ಮೈ ಬಗ್ಗಿಸಿ ಬದುಕುವವರಿಗೆ ಜೊತೆಗೊಂದು ನಾಯಿ ಇರಲಿ ಎನಿಸುವುದು ಸಹಜ. ಯಾವ ನಾಯಿ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಅಷ್ಟು ಸುಲಭವಲ್ಲ.

ಸಾಮಾನ್ಯವಾಗಿ ಆಯ್ಕೆ ನಡೆಯುವುದು ಮೊಬೈಲ್ ಪರದೆಯ ಮೇಲೆ. ನೀಲಿ ಕಣ್ಣಿನ ಹಸ್ಕಿ, ಹೊಳೆವ ಕರಿ ಮೈಯ ರಾಟ್‌ವೀಲರ್, ಮುದ್ದು ಮುಖದ ಪಗ್. ಚಿತ್ರ ಹಿಡಿಸಿದರೆ ಮರಿ ಮನೆಗೆ ಬರುತ್ತದೆ. ನಾಯಿಯ ರೂಪ ಮಾಲೀಕನಿಗೆ ಮೊದಲ ಕೆಲವು ವಾರ ಮುಖ್ಯ. ಆ ನಾಯಿಯ ಮೈ ಮತ್ತು ಮನಸ್ಸು ಯಾವ ಕೆಲಸಕ್ಕೆ ರೂಪುಗೊಂಡಿವೆ ಎಂಬುದು ಮುಂದಿನ ಹತ್ತು ಹನ್ನೆರಡು ವರ್ಷ ಮುಖ್ಯವಾಗುತ್ತದೆ. ಆದ್ದರಿಂದ ಎರಡನೆಯದನ್ನು ಮೊದಲು ತಿಳಿಯುವುದು ಒಳ್ಳೆಯದು.

ತಳಿಯ ಹಿಂದೆ ಒಂದು ಕಸುಬು

ನಾಯಿಯ ತಳಿಗಳು ತಾವಾಗಿ ಹುಟ್ಟಿದವಲ್ಲ. ಮನುಷ್ಯ ತನಗೆ ಬೇಕಾದ ಕೆಲಸವನ್ನು ಚೆನ್ನಾಗಿ ಮಾಡುವ ಗಂಡು ಹೆಣ್ಣುಗಳನ್ನು ಆಯ್ದು, ಕೂಡಿಸಿ, ತಲೆಮಾರುಗಳ ಕಾಲ ಬೆಳೆಸಿದ ಫಲ ಅವು. ಜರ್ಮನ್ ಶೆಫರ್ಡ್ ಹೆಸರೇ ಹೇಳುವಂತೆ ಕುರಿ ಕಾಯುವ ನಾಯಿ. ದಿನವಿಡೀ ಮಂದೆಯ ಸುತ್ತ ಓಡಾಡುತ್ತಾ, ಕುರುಬನ ಸನ್ನೆಗೆ ಕಿವಿಗೊಡುತ್ತಾ ಇರಬೇಕಾದದ್ದು. ಅದಕ್ಕೆ ಕಾಲಿಗೆ ಮಾತ್ರವಲ್ಲ, ತಲೆಗೂ ಕೆಲಸ ಬೇಕು. ಲ್ಯಾಬ್ರಡಾರ್ ತಣ್ಣೀರಿಗೆ ಧುಮುಕಿ, ಬೇಟೆಗಾರ ಹೊಡೆದ ಹಕ್ಕಿಯನ್ನು ಬಾಯಲ್ಲಿ ಹಿಡಿದು ತರುತ್ತಿದ್ದ ನಾಯಿ. ಹಸ್ಕಿ ಸೈಬೀರಿಯಾದ ಹಿಮದ ಮೇಲೆ ಬಂಡಿ ಎಳೆಯುತ್ತಿದ್ದದ್ದು.

ಕೆಲಸ ತಪ್ಪಿದರೂ ಅದರ ಹಂಬಲ ನಾಯಿಯಲ್ಲಿ ಉಳಿಯುತ್ತದೆ. ಗೇಟಿನೊಳಗೆ ಸರಪಳಿ ಬಿಗಿದ ಜರ್ಮನ್ ಶೆಫರ್ಡ್ ದಿನವಿಡೀ ಬೊಗಳುವುದು, ಚಪ್ಪಲಿ ಕಚ್ಚಿ ಹಾಕುವುದು, ಒಂದೇ ಜಾಗದಲ್ಲಿ ಸುತ್ತುವುದು ಇವೆಲ್ಲ ಬಹಳಷ್ಟು ಸಲ ಕೆಟ್ಟ ಸ್ವಭಾವದ ಗುರುತಲ್ಲ. ಖರ್ಚಾಗದೆ ಉಳಿದ ಕಸುವು ಹಾಗೆ ಹೊರಬೀಳುತ್ತದೆ. ಹಾಗಾಗಿ ಮರಿ ತರುವವರು ಕೇಳಬೇಕಾದ ಮೊದಲ ಪ್ರಶ್ನೆ, ಇದರ ಹಿರಿಯರು ಏನು ಕೆಲಸ ಮಾಡುತ್ತಿದ್ದರು ಎಂಬುದು. ಎರಡನೆಯದು, ಆ ಕೆಲಸಕ್ಕೆ ಹತ್ತಿರವಾದದ್ದು ನಮ್ಮ ದಿನಚರಿಯಲ್ಲಿ ಇದೆಯೇ ಎಂಬುದು.

ನಮ್ಮ ಬಿಸಿಲು, ನಾಯಿಯ ನಾಲಿಗೆ

ಮೂರನೆಯ ಪ್ರಶ್ನೆ ಹವಾಮಾನದ್ದು. ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹಗಲಿನ ಉಷ್ಣಾಂಶ 38 ಡಿಗ್ರಿಯ ಆಸುಪಾಸಿಗೆ ಏರುವುದು ಹೊಸತಲ್ಲ. ಮನುಷ್ಯನಿಗೆ ಮೈತುಂಬ ಬೆವರು ಗ್ರಂಥಿಗಳಿವೆ. ಬೆವರು ಆರುವಾಗ ಚರ್ಮ ತಣ್ಣಗಾಗುತ್ತದೆ. ನಾಯಿ ಬೆವರುವುದು ಬಹುಮಟ್ಟಿಗೆ ಪಾದದ ಅಂಗಾಲಿನಲ್ಲಿ ಮಾತ್ರ. ಅದು ಮೈ ತಂಪು ಮಾಡಿಕೊಳ್ಳುವ ಮುಖ್ಯ ದಾರಿ ಏದುಸಿರು. ನಾಲಿಗೆ, ಬಾಯಿ, ಮೂಗಿನ ಒಳಗಿನ ತೇವವನ್ನು ಗಾಳಿಯಿಂದ ಆರಿಸಿ, ಅಲ್ಲಿ ಹರಿಯುವ ರಕ್ತವನ್ನು ಅದು ತಂಪುಗೊಳಿಸುತ್ತದೆ.

ಈ ವ್ಯವಸ್ಥೆಗೆ ಎರಡು ಮಿತಿಗಳಿವೆ. ಮಳೆಗಾಲದ ತೇವದ ಗಾಳಿಯಲ್ಲಿ ನಾಲಿಗೆ ಬೇಗ ಆರುವುದಿಲ್ಲ, ಆದ್ದರಿಂದ ಬಿಸಿಲು ಕಡಿಮೆಯಿದ್ದರೂ ಸೆಕೆಯ ದಿನ ನಾಯಿ ಬಳಲುತ್ತದೆ. ಇನ್ನೊಂದು, ಮೂಗು ಮೋಟಾದರೆ ಗಾಳಿಯ ದಾರಿಯೂ ಇಕ್ಕಟ್ಟು. ಪಗ್, ಬುಲ್‌ಡಾಗ್‌ಗಳು ಸಾಧಾರಣ ನಡಿಗೆಗೇ ಗೊರಗೊರ ಸದ್ದು ಮಾಡುವುದು ಈ ಕಾರಣಕ್ಕೆ. ಅವನ್ನು ಓಟಕ್ಕೆ ಕರೆದೊಯ್ಯುವುದು ಅಪಾಯ. ಹಸ್ಕಿಗೆ ಉಸಿರಿನ ತೊಂದರೆ ಇಲ್ಲ. ಆದರೆ ಒಳಗೊಂದು ಹೊರಗೊಂದು ಎಂಬಂತೆ ಎರಡು ಪದರದ ದಟ್ಟ ಕೂದಲು ಚಳಿಗಾಗಿ ಬಂದದ್ದು; ಓಡಿದಾಗ ಸ್ನಾಯುಗಳಲ್ಲಿ ಹುಟ್ಟುವ ಕಾವು ಅದನ್ನು ದಾಟಿ ಬೇಗ ಹೊರಹೋಗುವುದಿಲ್ಲ.

ಓಟ ಮುಗಿಸಿ ಬಂದ ನಾಯಿಯನ್ನು ಹತ್ತಿರದಿಂದ ನೋಡಿ. ಆರೋಗ್ಯವಂತ ನಾಯಿಯ ಏದುಸಿರು ನೆರಳಿಗೆ ಬಂದ ಸ್ವಲ್ಪ ಹೊತ್ತಿಗೆ ನಿಧಾನವಾಗುತ್ತದೆ, ನಾಲಿಗೆ ಒಳಗೆ ಸರಿಯುತ್ತದೆ, ನೀರು ಕುಡಿದು ಕಾಲು ಚಾಚಿ ಮಲಗುತ್ತದೆ. ನಾಲಿಗೆ ತುದಿಯಲ್ಲಿ ಅಗಲವಾಗಿ ಹರಡಿ, ಒಸಡು ಕಡುಕೆಂಪಾಗಿ, ಜೊಲ್ಲು ಅಂಟಂಟಾಗಿ, ಹಿಂಗಾಲು ತೂರಾಡತೊಡಗಿದರೆ ಕಾವು ಮಿತಿ ಮೀರಿದೆ ಎಂದರ್ಥ. ನಾಯಿಯ ಸಹಜ ಮೈಬಿಸಿ 38.5 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ; ಅದು 41 ದಾಟಿದರೆ ಜೀವಕ್ಕೇ ಸಂಚಕಾರ. ಆಗ ನೆರಳಿಗೆ ತಂದು, ಹೊಟ್ಟೆ, ತೊಡೆಸಂದಿಗಳಿಗೆ ನೀರು ಹಾಕಿ, ಗಾಳಿ ಬೀಸುತ್ತಾ ಪಶುವೈದ್ಯರಲ್ಲಿಗೆ ಒಯ್ಯಬೇಕು. ಡಾಂಬರು ರಸ್ತೆಯ ಮೇಲೆ ಕೈಯ ಹಿಂಬದಿಯನ್ನು ಏಳೆಂಟು ಸೆಕೆಂಡು ಇಡಲಾಗದಿದ್ದರೆ ಆ ರಸ್ತೆಯಲ್ಲಿ ನಾಯಿಯನ್ನೂ ನಡೆಸಬಾರದು.

ಬ್ಯಾಡಗಿಯವರಿಗೆ ಇನ್ನೂ ಒಂದು ಮಾತು. ಸುಗ್ಗಿಯ ದಿನಗಳಲ್ಲಿ ಮಾರುಕಟ್ಟೆಯ ಸುತ್ತ ಮೆಣಸಿನಕಾಯಿ ಘಾಟು ಗಾಳಿಯಲ್ಲೇ ಇರುತ್ತದೆ. ನಮಗೇ ಕೆಮ್ಮು, ಸೀನು ತರಿಸುವ ಆ ದೂಳು, ವಾಸನೆಯಿಂದಲೇ ಲೋಕವನ್ನು ಅರಿಯುವ ನಾಯಿಯ ಮೂಗಿಗೆ ಇನ್ನೂ ಕಷ್ಟ. ನಡಿಗೆಯ ದಾರಿಯನ್ನು ಮಾರುಕಟ್ಟೆಯ ಅಂಗಳದಿಂದ ದೂರ ಆರಿಸಿಕೊಳ್ಳುವುದು ಲೇಸು.

ಮುಧೋಳ: ವೇಗದ ನಾಯಿ, ಹಟದ ನಾಯಿ

ಓಡುವ ನಾಯಿ ಎಂದೊಡನೆ ಉತ್ತರ ಕರ್ನಾಟಕದವರಿಗೆ ನೆನಪಾಗುವುದು ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ. ಮುಧೋಳ ಸಂಸ್ಥಾನದ ಅರಸ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಉಳಿಸಿ ಬೆಳೆಸಿದವರು. ಬ್ರಿಟನ್ನಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟದ್ದರಿಂದ ಇದರ ಹೆಸರು ಹೊರಗೆ ಹಬ್ಬಿತು. 2005ರಲ್ಲಿ ಅಂಚೆ ಇಲಾಖೆ ಹೊರತಂದ ದೇಶಿ ನಾಯಿಗಳ ಅಂಚೆಚೀಟಿಗಳಲ್ಲಿ ಮುಧೋಳಕ್ಕೂ ಜಾಗ ಸಿಕ್ಕಿತು. 2016ರಲ್ಲಿ ಸೇನೆ ಮರಿಗಳನ್ನು ಮೀರತ್‌ಗೆ ತರಬೇತಿಗೆ ಒಯ್ದಿತು. ಮುಧೋಳ ಬಳಿಯ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಈ ತಳಿಗಾಗಿಯೇ ಕೆಲಸ ಮಾಡುತ್ತಿದೆ.

ನಮ್ಮ ಹವೆಗೆ ಈ ನಾಯಿಯ ಮೈಕಟ್ಟು ಹೇಳಿ ಮಾಡಿಸಿದಂತಿದೆ. ತೆಳು ಚರ್ಮ, ಮೋಟು ಕೂದಲು, ಕೊಬ್ಬಿಲ್ಲದ ಮೈ. ಹುಟ್ಟಿದ ಕಾವು ಬೇಗ ಹೊರಹೋಗುತ್ತದೆ. ಆಳವಾದ ಎದೆಗೂಡಿನಲ್ಲಿ ದೊಡ್ಡ ಹೃದಯ, ದೊಡ್ಡ ಶ್ವಾಸಕೋಶ. ಬಾಗುವ ಬೆನ್ನೆಲುಬಿನಿಂದಾಗಿ ಪೂರ್ಣ ವೇಗದಲ್ಲಿ ಒಂದೊಂದು ನೆಗೆತಕ್ಕೂ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ಪಕ್ಕೆಲುಬು ಎಣಿಸುವಂತೆ ಕಾಣುವುದು ಈ ತಳಿಯ ಸಹಜ ರೂಪ. ನಾಯಿ ಸೊರಗಿದೆ ಎಂದು ತಿಳಿದು ತಿನ್ನಿಸಿ ದಪ್ಪ ಮಾಡಿದರೆ ಅದರ ಕೀಲುಗಳಿಗೆ ಪೆಟ್ಟು.

ಆದರೆ ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಮುಧೋಳ ಕಣ್ಣಿನಿಂದ ಬೇಟೆಯಾಡುವ ನಾಯಿಗಳ ಗುಂಪಿಗೆ ಸೇರಿದ್ದು. ಅದರ ಮೈ ಇರುವುದು ಮಿಂಚಿನಂಥ ಓಟಕ್ಕೆ, ಆ ಮೇಲೆ ದೀರ್ಘ ವಿಶ್ರಾಂತಿಗೆ. ಮನೆಯಲ್ಲಿ ಅದು ಶಾಂತವಾಗಿ ಬಹಳ ಹೊತ್ತು ಮಲಗಿರುತ್ತದೆ. ಹೊರಗೆ ದೂರದಲ್ಲಿ ಏನಾದರೂ ಸರಸರ ಓಡಿತೋ, ಕತ್ತು ನೆಟ್ಟಗಾಗಿ, ಇಡೀ ಮೈ ಒಂದು ಕ್ಷಣ ಕಲ್ಲಿನಂತೆ ನಿಲ್ಲುತ್ತದೆ. ಮರುಕ್ಷಣ ನಾಯಿ ಹೊಲದ ಆಚೆ ಇರುತ್ತದೆ. ಆಗ ಹೆಸರು ಹಿಡಿದು ಎಷ್ಟು ಕೂಗಿದರೂ ಕೇಳದು. ಬೇಟೆ ಕಂಡಾಗ ಯಜಮಾನನ ಅಪ್ಪಣೆಗೆ ಕಾಯದೆ ತಾನೇ ತೀರ್ಮಾನಿಸುವಂತೆಯೇ ಅದನ್ನು ಬೆಳೆಸಲಾಗಿದೆ, ಇದು ಅವಿಧೇಯತೆಯಲ್ಲ. ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರುಗಳನ್ನು ಪೋಣಿಸುವ 48ನೇ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ ಇಂಥ ನಾಯಿಯನ್ನು ಹಗ್ಗ ಬಿಚ್ಚಿ ಬಿಡುವುದು ಅದನ್ನು ಕಳೆದುಕೊಳ್ಳುವ ದಾರಿ.

ಕೃಷ್ಣಮೃಗದ ಊರಿನಲ್ಲಿ

ಹಗ್ಗ ಬಿಚ್ಚದಿರಲು ಇನ್ನೂ ದೊಡ್ಡ ಕಾರಣ ರಾಣೆಬೆನ್ನೂರಿನಲ್ಲಿದೆ. 1974ರಲ್ಲಿ ಘೋಷಿತವಾದ, ಸುಮಾರು 119 ಚದರ ಕಿಲೋಮೀಟರ್ ವಿಸ್ತಾರದ ಕೃಷ್ಣಮೃಗ ಅಭಯಾರಣ್ಯ ಈ ತಾಲ್ಲೂಕಿನ ಹೆಮ್ಮೆ. ಕೃಷ್ಣಮೃಗಗಳಿಗೆ ಬೇಲಿಯ ಗೊಡವೆಯಿಲ್ಲ. ಮೇವು ಅರಸುತ್ತಾ ಸುತ್ತಲ ಮೆಕ್ಕೆಜೋಳದ ಹೊಲಗಳಿಗೂ ಬರುತ್ತವೆ. ಬಯಲಿನಲ್ಲಿ ವೇಗವಾಗಿ ಓಡುವ ಪ್ರಾಣಿಯೇ ಮುಧೋಳದಂಥ ನಾಯಿಯನ್ನು ಕೆರಳಿಸುವುದು. ನಾಯಿಯ ಹಲ್ಲು ತಾಗದಿದ್ದರೂ, ವಿಪರೀತ ಬೆದರಿ ಓಡಿದ ಚಿಗರೆಯ ಸ್ನಾಯುಗಳು ಒಳಗೇ ಕೆಟ್ಟು ಅದು ಅನಂತರ ಸಾಯಬಹುದು. ಗಬ್ಬದ ಹೆಣ್ಣು, ಎಳೆಯ ಮರಿಗಳಿಗಂತೂ ಅಪಾಯ ಇನ್ನೂ ಹೆಚ್ಚು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎಂಬುದಕ್ಕೆ ಕೊಡುವ ಅರ್ಥದಲ್ಲಿ, ನಾಯಿ ಬಿಟ್ಟು ಅಟ್ಟಿಸುವುದೂ ಸೇರಿದೆ. ಕೃಷ್ಣಮೃಗ ಒಂದನೇ ಅನುಸೂಚಿಯ, ಅಂದರೆ ಅತ್ಯಂತ ಹೆಚ್ಚಿನ ರಕ್ಷಣೆಯ ಪ್ರಾಣಿ. ಅದನ್ನು ಬೇಟೆಯಾಡಿದವರಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಜೊತೆಗೆ, ಲಸಿಕೆ ಹಾಕಿಸದ ನಾಯಿಗಳಿಂದ ರೇಬೀಸ್, ಡಿಸ್ಟೆಂಪರ್‌ನಂಥ ರೋಗಗಳು ಈ ಬಯಲಿನ ತೋಳ, ನರಿಗಳಿಗೂ ಹರಡಬಲ್ಲವು. ಆದ್ದರಿಂದ ಹುಣಸಿಕಟ್ಟಿ, ಹುಲ್ಲತ್ತಿ ಕಡೆಯ ಹೊಲಗಳಲ್ಲಿ ಓಡುವವರು ಮುಧೋಳ ಸಾಕಿದರೆ, ಉದ್ದನೆಯ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಜೊತೆಗೇ ಓಡಿಸಬೇಕು. ನಾಯಿ ಮನಸೋ ಇಚ್ಛೆ ಓಡಲು ಎತ್ತರದ ಬೇಲಿಯಿರುವ ಜಾಗ ಬೇಕು.

ಹಟ್ಟಿಯ ನಾಯಿ ಕಲಿಸುವ ಪಾಠ

ಕುರಿಗಾಹಿಗಳ ಜೊತೆ ನಡೆಯುವ ನಾಟಿ ನಾಯಿಯ ಚಲನೆಯೇ ಬೇರೆ. ಅದು ಹಾರಿ ಓಡುವುದು ಕಡಿಮೆ. ಒಂದೇ ಹದದ ಕುಕ್ಕುಲೋಟದಲ್ಲಿ, ಕುರಿಗಳ ಪಕ್ಕದಲ್ಲಿ, ಮೈಲಿಗಟ್ಟಲೆ ಸಾಗುತ್ತದೆ. ರೊಟ್ಟಿ, ಮಜ್ಜಿಗೆಯಲ್ಲಿ ಬೆಳೆದು, ಬಿಸಿಲಿಗೆ, ಮಳೆಗೆ ತಾಳಿಕೊಂಡವು ಮಾತ್ರ ಉಳಿದು ಮರಿ ಹಾಕಿದ್ದರಿಂದ ಆ ಗಟ್ಟಿತನ ಬಂದಿದೆ. ಚಿಕ್ಕ ಗುಂಪಿನಲ್ಲೇ ಮತ್ತೆ ಮತ್ತೆ ಕೂಡಿಸಿದ ತಳಿಗಳಲ್ಲಿ ಬರುವ ಸೊಂಟದ ಕೀಲಿನ ದೋಷ, ಹುಟ್ಟುಕಿವುಡಿನಂಥ ತೊಂದರೆಗಳು ಇವುಗಳಲ್ಲಿ ಕಡಿಮೆ.

ಈ ಸೀಮೆಯ ಜನ ನಾಯಿಗೆ ಕೊಟ್ಟ ಗೌರವವೂ ಸಣ್ಣದಲ್ಲ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಾಲತೇಶ ದೇವರ ಭಕ್ತರಾದ ಗೊರವಯ್ಯರು ತಮ್ಮನ್ನು ದೈವದ ನಾಯಿಗಳೆಂದೇ ಭಾವಿಸಿ, ಬೊಗಳುತ್ತಾ ದೋಣಿ ಎಂಬ ಪಾತ್ರೆಯ ಪ್ರಸಾದ ಸ್ವೀಕರಿಸುತ್ತಾರೆ. ಕುರಿಮಂದೆಯ ಬದುಕಿನಲ್ಲಿ ನಾಯಿ ಎಂಥ ಸ್ಥಾನ ಪಡೆದಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ದಿನಾ ಐದಾರು ಕಿಲೋಮೀಟರ್ ಹದವಾಗಿ ಓಡುವ ಅಥವಾ ಹೊಲಕ್ಕೆ ನಡೆದು ಹೋಗಿ ಬರುವ ಮನುಷ್ಯನಿಗೆ ಹೊಂದುವುದು ಈ ಬಗೆಯ ಚಲನೆ. ಬೆಳಿಗ್ಗೆ ಸಂಜೆ ಮುಕ್ಕಾಲು ಗಂಟೆ ನಡೆದು, ಉಳಿದ ಹೊತ್ತು ಅಂಗಡಿಯಲ್ಲಿ ಕೂರುವವರಿಗೆ ಲ್ಯಾಬ್ರಡಾರ್ ಕೂಡ ಆದೀತು, ಬಿಸಿಲು ತಪ್ಪಿಸಿದರೆ ಮತ್ತು ಊಟ ಅಳೆದು ಹಾಕಿದರೆ. ಕೆಲವು ಲ್ಯಾಬ್ರಡಾರ್‌ಗಳಲ್ಲಿ ಒಂದು ವಂಶವಾಹಿಯ ವ್ಯತ್ಯಾಸದಿಂದ ಹೊಟ್ಟೆ ತುಂಬಿದ ಸೂಚನೆ ಸರಿಯಾಗಿ ಮೆದುಳಿಗೆ ಮುಟ್ಟುವುದಿಲ್ಲ. ಅವು ಬೇಡಿದಷ್ಟೂ ಕೊಟ್ಟರೆ ಬೊಜ್ಜು ಖಚಿತ.

ಮರಿ ತರುವ ಮುನ್ನ

ಯಾವ ನಾಯಿಯಾದರೂ ಮರಿಯನ್ನು ಕೂಡಲೇ ಓಡಿಸಬಾರದು. ಎಲುಬಿನ ತುದಿಯ ಬೆಳೆಯುವ ಭಾಗ ಗಟ್ಟಿಯಾಗಲು ದೊಡ್ಡ ನಾಯಿಗಳಲ್ಲಿ ವರ್ಷದಿಂದ ಒಂದೂವರೆ ವರ್ಷ ಬೇಕು. ಅಲ್ಲಿಯವರೆಗೆ ಆಟ, ಚಿಕ್ಕ ನಡಿಗೆ ಸಾಕು. 2017ರ ಶ್ವಾನ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಾಯಿಯನ್ನು ತೋರಿಸಲು ಒಪ್ಪದ ಮಾರಾಟಗಾರರಿಂದ ಮರಿ ತರದಿರುವುದೇ ಕ್ಷೇಮ. ಆರೆಂಟು ವಾರಕ್ಕೆ ಪಾರ್ವೊ, ಡಿಸ್ಟೆಂಪರ್ ಲಸಿಕೆ ಶುರುವಾಗಬೇಕು, ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಹೊಲ, ಹುಲ್ಲಿನಲ್ಲಿ ಓಡಾಡಿ ಬಂದ ನಾಯಿಯ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಇದೆಯೇ ಎಂದು ದಿನಾ ನೋಡಬೇಕು. ಉಣ್ಣಿಯಿಂದ ಬರುವ ಜ್ವರ ರಕ್ತವನ್ನೇ ಕೆಡಿಸುತ್ತದೆ.

ಕೊನೆಯ ಪ್ರಶ್ನೆ ನಾಯಿಯದ್ದಲ್ಲ, ಮನೆಯದ್ದು. ನೇಮಕಾತಿಗಾಗಿ ಓಡುತ್ತಿರುವ ಹುಡುಗ ಆಯ್ಕೆಯಾದರೆ ತರಬೇತಿಗೆ ಹೊರಡುತ್ತಾನೆ. ಅವನ ವೇಗಕ್ಕೆಂದು ತಂದ ನಾಯಿ ಆಮೇಲೆ ಹತ್ತು ವರ್ಷ ಅವನ ತಾಯಿಯ ಕೈಯಲ್ಲಿರುತ್ತದೆ. ಆ ತಾಯಿಗೆ ಅದನ್ನು ಹಿಡಿದು ನಡೆಸುವ ಶಕ್ತಿ, ಬಿಡುವು ಇವೆಯೇ? ಸುಗ್ಗಿಯಲ್ಲಿ, ಮದುವೆಯ ದಿನಗಳಲ್ಲಿ, ಜ್ವರ ಬಂದಾಗ ನಾಯಿಯನ್ನು ನೋಡುವವರು ಯಾರು? ಓಡುವ ಉತ್ಸಾಹ ತುಂಬಿದ ದಿನವನ್ನು ನೋಡಿ ನಾಯಿ ಆರಿಸಿದವರು, ಉತ್ಸಾಹವಿಲ್ಲದ ದಿನಗಳಲ್ಲಿ ಅದನ್ನು ಸರಪಳಿಗೆ ಕಟ್ಟುತ್ತಾರೆ. ಕೆಲವರು ಊರ ಹೊರಗೆ ಬಿಟ್ಟು ಬರುತ್ತಾರೆ. ಹಾಗೆ ಬಿಟ್ಟ ನಾಯಿಗಳೇ ಮುಂದೆ ಬೀದಿಯಲ್ಲಿ ಜನರಿಗೆ, ಬಯಲಿನಲ್ಲಿ ಕೃಷ್ಣಮೃಗಗಳಿಗೆ ಕಾಟವಾಗುತ್ತವೆ.

ಇಷ್ಟನ್ನೂ ತೂಗಿ ನೋಡಿದರೆ ನನ್ನ ಅಭಿಪ್ರಾಯ ಇದು. ಹಾವೇರಿ ಸೀಮೆಯಲ್ಲಿ ಓಡುವ, ನಡೆಯುವ, ಹೊಲ ಮಾಡುವ ಹೆಚ್ಚಿನ ಮನೆಗಳಿಗೆ ಲಸಿಕೆ ಹಾಕಿಸಿದ, ಸಂತಾನಹರಣ ಮಾಡಿಸಿದ, ಚಿಕ್ಕಂದಿನಿಂದ ಪಳಗಿಸಿದ ನಾಟಿ ನಾಯಿಯೇ ಮೊದಲ ಆಯ್ಕೆಯಾಗಬೇಕು. ಬೇಲಿಯ ಜಾಗ, ಪ್ರತಿದಿನದ ಸಮಯ, ಹಗ್ಗ ಬಿಡದ ಶಿಸ್ತು ಮೂರೂ ಇರುವವರು ಮುಧೋಳವನ್ನು ತಂದರೆ ಅದು ನಮ್ಮ ನೆಲದ ತಳಿಗೆ ಮಾಡುವ ಉಪಕಾರವೂ ಹೌದು. ಹಿಮದ ನಾಡಿನ ನಾಯಿಗಳನ್ನು, ಉಸಿರಾಡಲು ಹೆಣಗುವ ಮೋಟು ಮೂಗಿನವನ್ನು ಈ ಬಿಸಿಲಿಗೆ ತರುವುದನ್ನು ನಾವು ನಿಲ್ಲಿಸಬೇಕು. ದುಡ್ಡು ಕೊಟ್ಟು ಮರಿ ತರುವ ಮೊದಲು ಒಂದು ತಿಂಗಳು ನಿಮ್ಮ ಬೆಳಗು ಸಂಜೆಗಳು ನಿಜವಾಗಿ ಹೇಗೆ ಕಳೆಯುತ್ತವೆ ಎಂದು ಬರೆದಿಡಿ. ಬಿಡುವಿಲ್ಲದ ದಿನ, ಬೇಸರದ ದಿನ ಎಲ್ಲವೂ ಅದರಲ್ಲಿ ಬರಲಿ. ಆ ಪಟ್ಟಿಯನ್ನು ಹತ್ತಿರದ ಪಶು ಆಸ್ಪತ್ರೆಯ ವೈದ್ಯರಿಗೆ ತೋರಿಸಿ, ಈ ಬದುಕಿಗೆ ಯಾವ ನಾಯಿ ಹೊಂದುತ್ತದೆ ಎಂದು ಕೇಳಿ. ಯಾವುದೂ ಹೊಂದದು, ಸದ್ಯಕ್ಕೆ ನಾಯಿ ಬೇಡ ಎಂದು ಅವರು ಹೇಳಿದರೆ ಅದನ್ನೂ ಒಪ್ಪಿಕೊಳ್ಳಿ. ಒಂದು ಜೀವವನ್ನು ನರಳಿಸದೆ ಉಳಿಸಿದಂತಾಗುತ್ತದೆ.