ಒತ್ತಾಯಿಸದ ಸಂಗೀತ

ಸಂಗೀತವನ್ನು ಕೇಳುವುದೆಂದರೆ ಅದಕ್ಕೆ ಮನಸ್ಸನ್ನು ಪೂರ್ತಿಯಾಗಿ ಒಪ್ಪಿಸಿಬಿಡುವುದು ಎಂಬ ನಂಬಿಕೆ ನಮ್ಮ ರಸಿಕರಲ್ಲಿ ಬಲವಾಗಿದೆ. ಕಚೇರಿಯ ನಡುವೆ ಮಾತಿಗೆ ತೊಡಗಿದವನನ್ನು ಅಕ್ಕಪಕ್ಕದವರು ದುರುಗುಟ್ಟಿ ನೋಡುವುದು ಈ ನಂಬಿಕೆಯಿಂದಲೇ. ಅಂಥವರ ಮುಂದೆ, ಕೇಳಿದರೂ ಸರಿ, ಕೇಳದಿದ್ದರೂ ಸರಿ ಎನ್ನುವ ಸಂಗೀತವೊಂದುಂಟು, ಕಳೆದ ಒಂದು ವರ್ಷ ನಾನು ಹೆಚ್ಚಾಗಿ ಕೇಳಿದ್ದು ಅದನ್ನೇ, ಎಂದರೆ ಅಪಚಾರವೆನಿಸೀತು. ಆದರೂ ಅದರ ಪರವಾಗಿ ನಾಲ್ಕು ಮಾತು ಹೇಳುವುದು ಅಗತ್ಯವೆಂದು ಭಾವಿಸುತ್ತೇನೆ.

ಪಾಶ್ಚಾತ್ಯರು ಇದನ್ನು 'ಆಂಬಿಯೆಂಟ್' ಸಂಗೀತವೆನ್ನುತ್ತಾರೆ. 'ಆವರಣ ಸಂಗೀತ'ವೆಂದರೆ ಅರ್ಥ ಸಮೀಪಿಸೀತು. ಫ್ರಾನ್ಸಿನ ಎರಿಕ್ ಸಾಟಿಯವರು 1917ರಲ್ಲಿಯೇ 'ಪೀಠೋಪಕರಣದ ಸಂಗೀತ'ವೆಂಬ ವಿಚಿತ್ರ ಕಲ್ಪನೆಯನ್ನು ಮುಂದಿಟ್ಟಿದ್ದರು. 1920ರಲ್ಲಿ ಪ್ಯಾರಿಸ್ಸಿನಲ್ಲಿ ಅದನ್ನು ನುಡಿಸಿದಾಗ ಸಭಿಕರು ಮಾತು ನಿಲ್ಲಿಸಿ ಕಿವಿಗೊಟ್ಟರಂತೆ; ಕೇಳಬೇಡಿರಿ, ಮಾತನಾಡುತ್ತಿರಿ ಎಂದು ಸಾಟಿಯವರೇ ಅವರನ್ನು ಬೇಡಿಕೊಳ್ಳಬೇಕಾಯಿತಂತೆ! ಇಂಗ್ಲೆಂಡಿನ ಬ್ರಯನ್ ಈನೊ ಅವರು 1975ರಲ್ಲಿ ಅಪಘಾತಕ್ಕೆ ಸಿಕ್ಕಿ ಹಾಸಿಗೆ ಹಿಡಿದಿದ್ದರು. ಗೆಳತಿ ತಂದುಕೊಟ್ಟ ಹಾರ್ಪ್ ವಾದ್ಯದ ಧ್ವನಿಮುದ್ರಿಕೆ ತೀರ ಮೆಲ್ಲಗೆ ನುಡಿಯುತ್ತಿತ್ತು. ಎದ್ದು ಸ್ವರವನ್ನು ಏರಿಸಲು ಅವರಲ್ಲಿ ಶಕ್ತಿಯಿರಲಿಲ್ಲ. ಮಳೆಯ ಸದ್ದಿನಲ್ಲಿ ವಾದ್ಯವು ಮುಳುಗುತ್ತ ಏಳುತ್ತ ಇದ್ದುದೇ ಅವರಿಗೆ ಹೊಸ ದಾರಿಯನ್ನು ತೋರಿಸಿತು. 1978ರ 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್' ಆ ದಾರಿಯ ಫಲ. ಬೇರೆ ಬೇರೆ ಉದ್ದದ ಟೇಪಿನ ಸುರುಳಿಗಳು ತಮ್ಮಷ್ಟಕ್ಕೆ ತಾವು ತಿರುಗುವುದರಿಂದ, ಅವೇ ಸ್ವರಗಳು ಪ್ರತಿಸಲವೂ ಹೊಸ ಜೋಡಣೆಯಲ್ಲಿ ಕೂಡುತ್ತವೆ. ಇಂಥ ಸಂಗೀತವನ್ನು ಅಲಕ್ಷಿಸಲು ಬರಬೇಕು, ಲಕ್ಷ್ಯವಿಟ್ಟರೆ ಅದು ರುಚಿಸಲೂ ಬೇಕು. ಇದು ಈನೊ ಅವರು ಹಾಕಿಕೊಂಡ ನಿಯಮ. ಎರಡನೆಯ ಮಾತೇ ಕಠಿಣವಾದುದು.

ನಾನು ಕೇಳಿದ ಇನ್ನೊಂದು ಬಗೆ 'ಅಮೆರಿಕಾನಾ'. ಇದು ಮಾತಿನ, ಕಥೆಯ ಸಂಗೀತ. ಬೆಟ್ಟಗಾಡಿನ ಲಾವಣಿ, ಇಗರ್ಜಿಯ ಸ್ತೋತ್ರ, ಕರಿಯ ಜನರ ಬ್ಲೂಸ್ ಇವೆಲ್ಲ ಅದರ ಮೂಲದ್ರವ್ಯ. ಈಚಿನವುಗಳಲ್ಲಿ ಗಿಲಿಯನ್ ವೆಲ್ಚ್ ಮತ್ತು ಡೇವಿಡ್ ರಾಲಿಂಗ್ಸ್ ಅವರ 'ವುಡ್‌ಲ್ಯಾಂಡ್' (2024) ನನಗೆ ಬಹಳ ಹಿಡಿಸಿತು. 2020ರ ಸುಂಟರಗಾಳಿಗೆ ಸಿಕ್ಕಿ ಜಖಂಗೊಂಡ ನ್ಯಾಶ್‌ವಿಲ್‌ನ ತಮ್ಮ ಧ್ವನಿಮುದ್ರಣಾಲಯದ ಹೆಸರನ್ನೇ ಅವರು ಅದಕ್ಕೆ ಇಟ್ಟಿದ್ದಾರೆ. ಅವರ ಹಾಡಿನಲ್ಲಿ ಗೋಳಾಟವಿಲ್ಲ. ಒಂದನ್ನೊಂದು ಆತುಕೊಂಡ ಎರಡು ಕಂಠಗಳಿವೆ.

ಒಂದರಲ್ಲಿ ಮಾತಿಲ್ಲ, ಇನ್ನೊಂದರಲ್ಲಿ ಮಾತೇ ಪ್ರಾಣ. ಇವೆರಡಕ್ಕೂ ನಂಟು ಬೆಳೆದುದು ಒಂದು ವಾದ್ಯದ ಮೂಲಕ. ತಂತಿಯ ಮೇಲೆ ಲೋಹದ ಸಲಾಕೆಯನ್ನು ಜಾರಿಸಿ ನುಡಿಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹವಾಯಿಯಲ್ಲಿ ರೂಪುಗೊಂಡು, ಅಮೆರಿಕದಲ್ಲಿ ಪೆಡಲ್ ಸ್ಟೀಲ್ ಗಿಟಾರ್ ಆಗಿ ಬೆಳೆಯಿತು. ಚಂದ್ರಯಾನಿಗಳು ಹಳ್ಳಿಗಾಡಿನ ಹಾಡುಗಳ ಕ್ಯಾಸೆಟ್ಟುಗಳನ್ನು ಅಂತರಿಕ್ಷಕ್ಕೆ ಒಯ್ದಿದ್ದ ಸಂಗತಿಯನ್ನು ನೆನೆದು, ಈನೊ ಅವರು ಡೇನಿಯಲ್ ಲನ್ವಾ ಅವರಿಂದ ಈ ವಾದ್ಯವನ್ನು 'ಅಪೊಲೊ' (1983) ಕೃತಿಯಲ್ಲಿ ನುಡಿಸಿದರು. ಚಕ್ ಜಾನ್ಸನ್ ಅವರ 'ಬಾಲ್ಸಮ್ಸ್' (2017) ಅದೇ ಹಾದಿಯ ಮುಂದಿನ ಹೆಜ್ಜೆ. ಸ್ವರದಿಂದ ಸ್ವರಕ್ಕೆ ಜಾರುವ ಈ ನಾದ ಮೀಂಡಿಗೆ ಒಗ್ಗಿದ ನಮ್ಮ ಕಿವಿಗೆ ಪರಕೀಯವಲ್ಲ. ವಿಶ್ವಮೋಹನ ಭಟ್ಟರೂ ರೈ ಕೂಡರ್ ಅವರೂ ಜೊತೆಯಾಗಿ ನುಡಿಸಿದ 'ಎ ಮೀಟಿಂಗ್ ಬೈ ದ ರಿವರ್' 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದುದನ್ನು ಇಲ್ಲಿ ಸ್ಮರಿಸಬಹುದು.

ಈ ಎರಡು ಬಗೆಗಳಿಗೂ ಮೂಲಪುರುಷರೆನ್ನಬಹುದಾದವರು ಟೆಕ್ಸಸಿನ ಅಂಧ ಗಾಯಕ ಬ್ಲೈಂಡ್ ವಿಲ್ಲಿ ಜಾನ್ಸನ್. 1927ರಲ್ಲಿ ಅವರು ಮುದ್ರಿಸಿದ ಒಂದು ಭಕ್ತಿಗೀತದಲ್ಲಿ ಪದಗಳೇ ಇಲ್ಲ. ಗುನುಗು, ನರಳು, ಜಾರುವ ತಂತಿ, ಇಷ್ಟೆ. 1945ರಲ್ಲಿ ಅವರು ಬಡತನದಲ್ಲಿಯೇ ತೀರಿಕೊಂಡರು. 1977ರಲ್ಲಿ ವಾಯೇಜರ್ ನೌಕೆಗಳು ಹೊತ್ತೊಯ್ದ ಚಿನ್ನದ ಮುದ್ರಿಕೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೊಡನೆ ಆ ಗುನುಗೂ ಸೇರಿದೆ. ಮಾತು ಸೋತ ಎಡೆಯಲ್ಲಿ ಅರ್ಥ ಸೋಲುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕೆ? ಕಾವ್ಯದಲ್ಲಿ ಧ್ವನಿಯನ್ನು ಕುರಿತು ಪಾಠ ಹೇಳುವ ನಮಗೆ ಇದು ಹೊಸ ಮಾತೇನಲ್ಲ.

ಆದರೆ ಒಂದು ಆಕ್ಷೇಪಣೆಯುಂಟು, ಅದು ಹಗುರವಾದುದಲ್ಲ. ನಿದ್ರೆಗೊಂದು, ಓದಿಗೊಂದು, ಬೇಸರಕ್ಕೊಂದು ಎಂದು ವಿಂಗಡಿಸಿ, ಮಾಡಿದವರು ಯಾರೆಂದು ಯಾರೂ ಕೇಳದ ನಾದವನ್ನು ಇಂದು ಅಂತರ್ಜಾಲದಲ್ಲಿ ಹಗಲಿರುಳೂ ಹರಿಯಬಿಡುತ್ತಿದ್ದಾರೆ. ನಮ್ಮ ವಿದ್ಯಾರ್ಥಿಗಳ ಕಿವಿಯಲ್ಲಿ ಅದು ಸದಾ ತುಂಬಿರುತ್ತದೆ. ಮೌನವನ್ನು ಸಹಿಸಲಾರದವನಿಗೆ ಸಂಗೀತವೂ ಒಂದು ಅಮಲೇ. ಹೀಗೆ ಕೇಳುವ ಅಭ್ಯಾಸ ಬೆಳೆದರೆ ಒಂದು ರಾಗವನ್ನು, ಒಂದು ಪದ್ಯವನ್ನು ಕೊನೆಯವರೆಗೆ ಹಿಂಬಾಲಿಸುವ ಶಕ್ತಿಯೇ ಕುಂದೀತೆಂಬ ಹಿರಿಯ ರಸಿಕರ ಭಯಕ್ಕೆ ಆಧಾರವಿದೆ.

ಹಾಗೆಂದು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಗಮನವನ್ನು ಬೇಡದ ಸಂಗೀತ ಬೇರೆ, ಗಮನಕ್ಕೆ ಯೋಗ್ಯವಲ್ಲದ ಸಂಗೀತ ಬೇರೆ. ಪರೀಕ್ಷೆ ಸುಲಭ. ಕೈಯಲ್ಲಿನ ಕೆಲಸವನ್ನು ಬಿಟ್ಟು ಒಮ್ಮೆ ಅದರ ಕಡೆ ತಿರುಗಿ ಆಲಿಸಬೇಕು. ಅಲ್ಲಿ ಒಬ್ಬ ಮನುಷ್ಯನ ಬೆರಳೋ ಉಸಿರೋ ನಿರ್ಧಾರವೋ ಎದುರಾದರೆ ಅದು ಸಂಗೀತ. ಏನೂ ಎದುರಾಗದಿದ್ದರೆ ಅದನ್ನು ನಿಲ್ಲಿಸಿ ಸುಮ್ಮನೆ ಕುಳಿತಿರುವುದು ಮೇಲು. ಎಲ್ಲರೂ ನಮ್ಮ ಗಮನವನ್ನು ಕಸಿದುಕೊಳ್ಳಲು ಹವಣಿಸುತ್ತಿರುವ ಈ ಕಾಲದಲ್ಲಿ, ಕೈಚಾಚದೆ ಬಾಗಿಲಲ್ಲಿ ಕಾದು ನಿಲ್ಲುವ ಕಲೆ ಅಪರೂಪವಾದುದು. ಅದಕ್ಕೆ ನಾವಾಗಿಯೇ ಬಾಗಿಲು ತೆರೆಯುವುದು ರಸಿಕತೆಗೆ ಕುಂದಲ್ಲ.